ಅಜ್ಞಾತ ವಿಷತ್ವದ ರಾಸಾಯನಿಕಗಳು

ವಿಷಗುಣ ಇನ್ನೂ ತಿಳಿಯದ ರಾಸಾಯನಿಕವನ್ನು ವಿಷವೆಂದೇ ಭಾವಿಸಿ ಬಳಸುವುದು ಪ್ರಯೋಗಾಲಯದ ಮೂಲ ನಿಯಮ. ಸೊಲ್ಲಾಪುರ ವಿಶ್ವವಿದ್ಯಾಲಯದಂಥ ಕಡೆ ಹೊಸ ಸಂಯುಕ್ತ ತಯಾರಿಸುವವರಿಗೆ ಇದು ನಿತ್ಯದ ಪ್ರಶ್ನೆ: ಆಗಷ್ಟೇ ಹುಟ್ಟಿದ ಅಣುವಿಗೆ ಸುರಕ್ಷತಾ ಪತ್ರ ಇರುವುದಿಲ್ಲ. ಚಾದರಕ್ಕೆ ಹೆಸರಾದ ಸೊಲ್ಲಾಪುರಕ್ಕೆ ಬಟ್ಟೆಯ ಬಣ್ಣಗಳ ಉದಾಹರಣೆಯೇ ಸಾಕು. ದಶಕಗಳ ಕಾಲ ಬಳಕೆಯಲ್ಲಿದ್ದ ಬೆಂಜಿಡೀನ್ ಮೂಲದ ಬಣ್ಣಗಳನ್ನು ಕ್ಯಾನ್ಸರ್‌ಕಾರಕವೆಂದು ಭಾರತ 1990ರ ದಶಕದಲ್ಲಿ ನಿಷೇಧಿಸಿತು.

ಕೈಗವಸಿದ್ದರೆ ಸಾಕೆಂಬ ನಂಬಿಕೆ ಅಪಾಯಕರ. 1996ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಕ್ಯಾರೆನ್ ವೆಟರ್‌ಹಾನ್ ಅವರ ಲ್ಯಾಟೆಕ್ಸ್ ಕೈಗವಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿಯ ಕೆಲವೇ ಹನಿ ಬಿದ್ದು ಒಳಗಿಳಿದವು. ಆ ಪಾದರಸದ ವಿಷದಿಂದಲೇ 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್, ರಾಸಾಯನಿಕಕ್ಕೆ ತಕ್ಕ ಕೈಗವಸು, ಕನಿಷ್ಠ ಪ್ರಮಾಣ, ಬಾಟಲಿಯ ಮೇಲೆ ಹೆಸರು: ಇವಿಲ್ಲದೆ ವಿಷಗುಣ ತಿಳಿಯದ ರಾಸಾಯನಿಕದ ಪ್ರಯೋಗಕ್ಕೆ ಕೈಹಾಕಬಾರದು.