ಮೂತ್ರದ ಪೈಪ್ ಖಾಯಂ ಬೇಕಾದವರಿಗೆ ಯಾವುದು ಸರಿ? ಇಲ್ಲಿದೆ ಮಾಹಿತಿ

ಉಜ್ಜಿನಿ (ಕೊಟ್ಟೂರು ತಾ.): ಮರದಿಂದ ಬಿದ್ದೋ, ಬೈಕ್ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದರೆ ಕಾಲಿನ ಜತೆಗೆ ಮೂತ್ರದ ಹಿಡಿತವೂ ತಪ್ಪಬಹುದು. ಹಳೇ ಸಕ್ಕರೆ ಕಾಯಿಲೆ, ಹುಟ್ಟಿನಿಂದ ಬಂದ ಬೆನ್ನುಹುರಿ ದೋಷವೂ ಇದಕ್ಕೆ ಕಾರಣ. ಆಸ್ಪತ್ರೆಯಲ್ಲಿ ಹಾಕಿ ಕಳಿಸಿದ ಪೈಪೇ ಕೊನೆತನಕ ಅಂತ ಅಂದ್ಕೊಳ್ಳೋದು ಬೇಡ. ಬೇರೆ ದಾರಿಗಳೂ ಇವೆ.

ಸುಮ್ಮನೆ ಬಿಟ್ಟರೆ ಏನಾಗುತ್ತದೆ?
ಮೂತ್ರ ಒಳಗೇ ನಿಂತು ಒತ್ತಡ ಹೆಚ್ಚಾದರೆ ಕಿಡ್ನಿ ಹಾಳಾಗುತ್ತದೆ. ನೋವಿಲ್ಲದೆಯೂ ಹಾಳಾಗಬಹುದು. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಸ್ಕ್ಯಾನಿಂಗ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು.

1. ಹಾಕಿ ತೆಗೆಯುವ ಪೈಪ್ (ಸಿಐಸಿ)
ದಿನಕ್ಕೆ 4ರಿಂದ 6 ಸಲ ತೆಳು ಪೈಪ್ ಹಾಕಿ, ಮೂತ್ರ ಖಾಲಿ ಮಾಡಿ, ತೆಗೆದುಬಿಡುವುದು. ಮನೆಯಲ್ಲಿ ಶುದ್ಧ ಕೈಯಿಂದ ಮಾಡಿದರೆ ಸಾಕು ಎಂದು 1972ರಲ್ಲಿ ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡ್ಸ್ ತೋರಿಸಿಕೊಟ್ಟರು. ಕೈ ಚೆನ್ನಾಗಿ ಆಡುವವರಿಗೆ ವೈದ್ಯರು ಮೊದಲು ಹೇಳುವುದು ಇದನ್ನೇ. ಸೋಂಕು ಕಡಿಮೆ, ಬ್ಯಾಗ್ ಕಟ್ಟಿಕೊಳ್ಳುವ ಗೋಜಿಲ್ಲ. ಅಂಗಡಿಯಲ್ಲಿ ಕೂರುವವರೂ ನಾಲ್ಕು ತಾಸಿಗೊಮ್ಮೆ ಎದ್ದು ಮಾಡಿಕೊಳ್ಳಬಹುದು. ಹೊತ್ತು ತಪ್ಪಿಸಬಾರದು ಅಷ್ಟೇ.

2. ಒಳಗೇ ಇರುವ ಪೈಪ್ (ಫೋಲಿ)
ಕೈ ಆಡದವರಿಗೆ, ಹಾಕಿ ತೆಗೆಯಲು ಮನೆಯಲ್ಲಿ ಜನ ಇಲ್ಲದವರಿಗೆ ಅನುಕೂಲ. ಲ್ಯಾಟೆಕ್ಸ್ ಪೈಪನ್ನು ಸಾಮಾನ್ಯವಾಗಿ 2ರಿಂದ 4 ವಾರಕ್ಕೆ, ಸಿಲಿಕಾನ್ ಪೈಪನ್ನು ಹೆಚ್ಚೆಂದರೆ 12 ವಾರಕ್ಕೆ ಬದಲಿಸಬೇಕು. ಕಟ್ಟಿಕೊಂಡರೆ ಅದಕ್ಕೂ ಮೊದಲೇ. ವರ್ಷಗಟ್ಟಲೆ ಇದ್ದರೆ ಸೋಂಕು, ಕಲ್ಲು, ಮೂತ್ರನಾಳದಲ್ಲಿ ಗಾಯ ಆಗುವ ಸಂಭವ ಜಾಸ್ತಿ.

3. ಹೊಟ್ಟೆ ಮೂಲಕ ಪೈಪ್ (ಎಸ್‌ಪಿಸಿ)
ಹೊಕ್ಕುಳ ಕೆಳಗೆ ಸಣ್ಣ ರಂಧ್ರ ಮಾಡಿ ಹಾಕುತ್ತಾರೆ. ಮೂತ್ರನಾಳಕ್ಕೆ ಗಾಯ ಆಗಲ್ಲ, ಬದಲಿಸುವುದೂ ಸುಲಭ. ಗಾಲಿಕುರ್ಚಿಯಲ್ಲಿ ಇರುವವರಿಗೆ ಫೋಲಿಗಿಂತ ಹಗುರ. ಆದರೆ ಸೋಂಕು, ಕಲ್ಲಿನ ಭಯ ಇದರಲ್ಲೂ ಇದೆ.

4. ಕಾಂಡೋಮ್ ಕ್ಯಾಥೆಟರ್
ಗಂಡಸರಿಗೆ ಮಾತ್ರ. ಸೋರುವ ಮೂತ್ರವನ್ನು ಹಿಡಿಯುತ್ತದೆಯೇ ಹೊರತು ಒಳಗೆ ನಿಂತದ್ದನ್ನು ತೆಗೆಯುವುದಿಲ್ಲ. ಮೂತ್ರಕೋಶ ಪೂರ್ತಿ ಖಾಲಿಯಾಗುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾದ ಮೇಲಷ್ಟೇ ಬಳಸಬೇಕು.

ಗಮನದಲ್ಲಿರಲಿ
* ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು.
* ಮೂತ್ರ ಮಬ್ಬಾದ ಮಾತ್ರಕ್ಕೆ ಮೆಡಿಕಲ್ ಶಾಪ್‌ನಿಂದ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ. ಚಳಿ ಜ್ವರ, ಸೊಂಟದ ಪಕ್ಕ ನೋವಿದ್ದರೆ ವೈದ್ಯರನ್ನು ಕಾಣಿ.
* ಕುತ್ತಿಗೆ, ಎದೆ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ದಿಢೀರ್ ತಲೆಸಿಡಿತ, ಮುಖದಲ್ಲಿ ಬೆವರು ಬಂದರೆ ಅಪಾಯ. ಎತ್ತಿ ಕೂರಿಸಿ, ಪೈಪ್ ಮಡಚಿದೆಯಾ ನೋಡಿ, ತಕ್ಷಣ 108ಕ್ಕೆ ಕರೆ ಮಾಡಿ.

ಹೇಗೆ ನಿರ್ಧರಿಸುವುದು?
ಕೈ ಎಷ್ಟು ಆಡುತ್ತದೆ, ಕೂರಲು ಆಗುತ್ತದಾ, ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ, ಪೈಪ್ ಬದಲಿಸಲು ಹತ್ತಿರದಲ್ಲಿ ಎಲ್ಲಿ ವ್ಯವಸ್ಥೆ ಇದೆ ಎಂಬುದರ ಮೇಲೆ ಆಯ್ಕೆ ನಿಂತಿದೆ. ಬಳ್ಳಾರಿ, ದಾವಣಗೆರೆ ಕಡೆ ಮೂತ್ರರೋಗ ತಜ್ಞರ ಹತ್ತಿರ ಹೋದಾಗ ‘ಹಾಕಿ ತೆಗೆಯುವ ಪೈಪ್ ನಮಗೆ ಆಗುತ್ತದಾ?’ ಎಂದು ತಪ್ಪದೇ ಕೇಳಿ. ಆಗುತ್ತದೆ ಎಂದರೆ ರೋಗಿಗೂ, ಮನೆಯ ಒಬ್ಬರಿಗೂ ಅಲ್ಲಿಯೇ ಕಲಿಸಿಕೊಡಲು ಹೇಳಿ.