‘ಗೋಥಿಕ್’ ಆಗಲಿಲ್ಲವೆಂದು ಬೈಸಿಕೊಂಡ ಗೋಥಿಕ್ ಆಲ್ಬಮ್

ರಿಚರ್ಡ್ಸ್ ಟೌನಿನಲ್ಲಿರುವ ನನಗೆ ‘ಗೋಥಿಕ್’ ಎಂದೊಡನೆ ನೆನಪಾಗುವುದು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ. 1882ರಲ್ಲಿ ಪ್ರತಿಷ್ಠಾಪನೆಗೊಂಡ ಆ ಚರ್ಚಿನ ಚೂಪು ಕಮಾನು, ಮುಗಿಲಿಗೆ ಚಾಚಿದ ಗೋಪುರ. ಇಂದು ಗೌರವದಿಂದ ಆಡುವ ಈ ಪದ ಹುಟ್ಟಿದ್ದು ಬೈಗುಳವಾಗಿ. ಹದಿನಾರನೆಯ ಶತಮಾನದ ಇಟಲಿಯಲ್ಲಿ ವಸಾರಿಯಂಥವರು ಈ ಶೈಲಿಯನ್ನು ರೋಮನ್ನು ಕೆಡವಿದ ಗಾಥರ ತಲೆಗೆ ಕಟ್ಟಿ, ಅನಾಗರಿಕವೆಂದು ಹಳಿದಿದ್ದರು.

ರಾಕ್ ಸಂಗೀತದಲ್ಲಿ ಇದೇ ಪದ ಇನ್ನೂ ವಿಚಿತ್ರವಾದ ದಾರಿ ಹಿಡಿಯಿತು. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಲ್ಲಿ 1978ರಲ್ಲಿ ನಾಲ್ವರು ಯುವಕರು ಬೌಹೌಸ್ ಎಂಬ ತಂಡ ಕಟ್ಟಿದರು: ಗಾಯಕ ಪೀಟರ್ ಮರ್ಫಿ, ಗಿಟಾರಿಗೆ ಡೇನಿಯಲ್ ಆ್ಯಶ್, ಬೇಸ್ ಗಿಟಾರಿಗೆ ಡೇವಿಡ್ ಜೆ, ಡ್ರಮ್ಸಿಗೆ ಅವನ ತಮ್ಮ ಕೆವಿನ್ ಹ್ಯಾಸ್ಕಿನ್ಸ್. ಮರುವರ್ಷ ಬಂದ ‘ಬೆಲಾ ಲುಗೋಸೀಸ್ ಡೆಡ್’ ಒಂಬತ್ತು ನಿಮಿಷ ಮೀರಿದ ಹಾಡು. ಡ್ರಾಕುಲಾ ಪಾತ್ರದ ನಟನ ಹೆಸರು ಹೊತ್ತು, ನಿಧಾನವಾಗಿ ಕತ್ತಲೆ ಕವಿಸುವಂಥದ್ದು. 1980ರಲ್ಲಿ ‘4ಎಡಿ’ ಕಂಪನಿ ಅವರ ಮೊದಲ ಸ್ಟುಡಿಯೊ ಆಲ್ಬಮ್ ‘ಇನ್ ದ ಫ್ಲ್ಯಾಟ್ ಫೀಲ್ಡ್’ ಹೊರತಂದಿತು. ಆ ಹಾಡು ಅದರಲ್ಲಿರಲಿಲ್ಲ. ಬದಲಿಗೆ ಇದ್ದದ್ದು ಕೆರೆಯುವ ಗಿಟಾರು, ಚೀರುವ ದನಿ, ಒಂಬತ್ತು ಒರಟು ರಚನೆಗಳು. ಮೊದಲನೆಯ ‘ಡಬಲ್ ಡೇರ್’ನ ಕಾವು ಸ್ಟುಡಿಯೊದಲ್ಲಿ ಮತ್ತೆ ಬಾರದೆ, ಬಿಬಿಸಿಯ ಜಾನ್ ಪೀಲ್ ಕಾರ್ಯಕ್ರಮಕ್ಕೆ ನುಡಿಸಿದ್ದನ್ನೇ ಬಳಸಿಕೊಂಡರು. ‘ಸ್ಟಿಗ್ಮಾಟಾ ಮಾರ್ಟಿರ್’ನಲ್ಲಿ ಚರ್ಚಿನ ಲ್ಯಾಟಿನ್ ಪ್ರಾರ್ಥನೆಯೇ ಸಂಕಟದ ಕೂಗಾಗುತ್ತದೆ.

ವಿಮರ್ಶಕರು ಕರುಣೆ ತೋರಲಿಲ್ಲ. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ನ ಆ್ಯಂಡಿ ಗಿಲ್‌ಗೆ ಇದು ಅರ್ಥವಿಲ್ಲದ ನರಳಾಟವಾಗಿ ಕೇಳಿಸಿತು. ‘ಸೌಂಡ್ಸ್’ ವಾರಪತ್ರಿಕೆಯ ಡೇವ್ ಮೆಕಲಾ ದೂರು ಇನ್ನೂ ಸ್ವಾರಸ್ಯದ್ದು: ಇದರಲ್ಲಿ ಹಾಡುಗಳೇ ಇಲ್ಲ, ತಾನು ಬಯಸಿ ಬಂದ ಗಾಥ್‌ತನ ಸಿಗದೆ ಬರೀ ಜಡ ಸ್ವಲೋಲುಪತೆ ಸಿಕ್ಕಿತು ಎಂದು. ಮುಂದೆ ಗೋಥಿಕ್ ರಾಕ್‌ನ ಬುನಾದಿ ಕೃತಿಗಳಲ್ಲೊಂದು ಎನಿಸಿಕೊಂಡ ಆಲ್ಬಮ್ಮಿಗೆ ಬಂದ ಆಕ್ಷೇಪಣೆ ಇದು!

ಕೇಳುಗರ ತೀರ್ಪು ಬೇರೆಯಿತ್ತು. ಬ್ರಿಟನ್ನಿನ ಸ್ವತಂತ್ರ ಕಂಪನಿಗಳ ಪಟ್ಟಿಯಲ್ಲಿ ಆಲ್ಬಮ್ ಮೊದಲ ಸ್ಥಾನಕ್ಕೇರಿತು, ರಾಷ್ಟ್ರೀಯ ಪಟ್ಟಿಯಲ್ಲಿ 72ನೆಯದಾಯಿತು. ವಿಮರ್ಶಕರೂ ಕ್ರಮೇಣ ಒಲಿದರು. 2009ರಲ್ಲಿ ಅದೇ ಕಂಪನಿ ವಿಸ್ತೃತ ಆವೃತ್ತಿ ತಂದಿತು.

ಹಾಗಾದರೆ ಮೊದಲ ವಿಮರ್ಶಕರು ದಡ್ಡರೇ? ನನಗೆ ಹಾಗನ್ನಿಸುವುದಿಲ್ಲ. ಗುನುಗಿಕೊಳ್ಳಲು ಸಿಗುವ ರಾಗ ಇದರಲ್ಲಿ ಕಡಿಮೆ ಎಂಬುದು ಇಂದಿಗೂ ನಿಜ. ಅವರಿಗೆ ಕೇಳಿಸಿದ್ದು ಸರಿಯಾಗಿಯೇ ಇತ್ತು, ಅಳೆದ ಸೇರು ಮಾತ್ರ ಹಳೆಯದು. ಒಂದು ಹಾಡಿನಿಂದ ‘ಗೋಥಿಕ್’ ಎಂದರೆ ಇಷ್ಟೇ ಎಂದು ಗೆರೆ ಎಳೆದುಕೊಂಡಿದ್ದರು. ಆಲ್ಬಮ್ ಆ ಗೆರೆಯನ್ನೇ ಹಿಗ್ಗಿಸುತ್ತಿತ್ತು. ನಮ್ಮ ನವ್ಯಕಾವ್ಯಕ್ಕೂ ‘ಇದು ಕವಿತೆಯೇ?’ ಎಂಬ ಪ್ರಶ್ನೆ ಎದುರಾದದ್ದು ಹೀಗೆಯೇ. ಹಳೆಯ ವಿಮರ್ಶೆಯನ್ನು ತೀರ್ಪೆಂದು ಓದಿದರೆ ನಗು ಬರುತ್ತದೆ. ಆ ಕಾಲ ಏನನ್ನು ಕೇಳಲು ಕಾದಿತ್ತು ಎಂಬುದರ ದಾಖಲೆಯಾಗಿ ಓದಿದರೆ, ಆಲ್ಬಮ್ಮಿನಷ್ಟೇ ಮುಖ್ಯವಾದ ಚರಿತ್ರೆ ಅಲ್ಲಿ ಸಿಗುತ್ತದೆ.