ಕಾರಿನ ಬ್ಲೋವರ್: ದೋಷ ಪತ್ತೆಮಾಡುವ ಬಗೆ

ಕಾರಿನ ಒಳಕ್ಕೆ ಎ.ಸಿ. ಮತ್ತು ಹೀಟರಿನ ಗಾಳಿಯನ್ನು ದೂಡುವ ಫ್ಯಾನೇ ಬ್ಲೋವರ್. ಗಾಳಿಯನ್ನು ತಂಪು ಮಾಡುವುದು ಕೂಲಿಂಗ್ ಕಾಯಿಲ್, ಬೆಚ್ಚಗೆ ಮಾಡುವುದು ಎಂಜಿನ್ನಿನ ಬಿಸಿನೀರು ಹರಿಯುವ ಹೀಟರ್ ಕೋರ್. ಇವೆರಡಕ್ಕೂ ಗಾಳಿ ಒದಗಿಸುವ ಫ್ಯಾನ್ ಸಾಮಾನ್ಯವಾಗಿ ಒಂದೇ. ಅದು ಕೆಟ್ಟರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಬ್ಲೋವರ್ ತಿರುಗದಿದ್ದರೆ ಕಂಪ್ರೆಸರ್ ಕೂಡ ಚಾಲೂ ಆಗದಂತೆ ಹಲವು ಕಾರುಗಳಲ್ಲಿ ವೈರಿಂಗ್ ಇರುತ್ತದೆ. ಹಾಗಾಗಿಯೇ ಬ್ಲೋವರಿನ ದೋಷವನ್ನು ಎ.ಸಿ.ಯ ಗ್ಯಾಸ್ ಖಾಲಿಯಾಗಿದೆ ಎಂದು ಎಣಿಸಿ ದುಡ್ಡು ಕಳೆದುಕೊಳ್ಳುವವರಿದ್ದಾರೆ. ಬಾನೆಟ್ಟಿನ ಕೆಳಗೆ ತಿರುಗುವ ರೇಡಿಯೇಟರ್ ಫ್ಯಾನ್ ಬೇರೆಯದೇ ಭಾಗ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬ್ಲೋವರನ್ನು ಬರೀ ಸುಖದ ಸಾಧನವೆನ್ನಲಾಗದು. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿಯಂಥ ಘಾಟಿ ರಸ್ತೆಗಳಲ್ಲಿ ಮುಂದಿನ ಗಾಜಿನ ಒಳಮೈಗೆ ಕಟ್ಟುವ ಮಂಜನ್ನು ಬಿಡಿಸುವುದು ಬ್ಲೋವರಿನ ಗಾಳಿಯೇ. ಅದು ನಿಂತರೆ ಚಾಲಕನಿಗೆ ರಸ್ತೆಯೇ ಕಾಣದು.

ರಚನೆ

ಬ್ಲೋವರಿನಲ್ಲಿ ಬ್ಯಾಟರಿಯ 12 ವೋಲ್ಟಿನಲ್ಲಿ ಓಡುವ ಡಿ.ಸಿ. ಮೋಟಾರ್, ಅದರ ದಂಡಕ್ಕೆ ಕೂರಿಸಿದ, ಸುತ್ತಲೂ ಸಣ್ಣ ಸಣ್ಣ ಅಲಗುಗಳಿರುವ ಪ್ಲಾಸ್ಟಿಕ್ ಚಕ್ರ ಇರುತ್ತವೆ. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಕಾರುಗಳಲ್ಲಿ ಇದರ ಜಾಗ ಹೆಚ್ಚಾಗಿ ಎಡಭಾಗದ ಗ್ಲೌ ಬಾಕ್ಸಿನ ಹಿಂದೆ ಅಥವಾ ಕೆಳಗೆ. ಹೊರಗಿನ ಗಾಳಿ ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯ ಮೂಲಕ ಬರುತ್ತದೆ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ಎಲೆ, ಹೂವು, ಕೆಲವೊಮ್ಮೆ ಇಲಿ ತಂದಿಟ್ಟ ಕಸ ಸೇರಿಕೊಳ್ಳುವುದೂ ಈ ದಾರಿಯಲ್ಲೇ.

ಸ್ಪೀಡ್ ಬದಲಿಸುವ ಕ್ರಮ ಎರಡು ಬಗೆಯದು. ಕೈಯಿಂದ ತಿರುಗಿಸುವ ನಾಬ್ ಇರುವ, ನಾಲ್ಕು ಸ್ಪೀಡಿನ ಕಾರುಗಳಲ್ಲಿ ಸಾಲಾಗಿ ಜೋಡಿಸಿದ ತಂತಿಸುರುಳಿಗಳ ರೆಸಿಸ್ಟರ್ ಇರುತ್ತದೆ. ಒಂದನೇ ಸ್ಪೀಡಿನಲ್ಲಿ ಕರೆಂಟ್ ಎಲ್ಲ ಸುರುಳಿಗಳನ್ನೂ ಹಾದು ಬರುತ್ತದೆ. ಸ್ಪೀಡ್ ಏರಿದಂತೆ ಒಂದೊಂದು ಸುರುಳಿ ಬಿಟ್ಟುಹೋಗಿ, ನಾಲ್ಕನೆಯದರಲ್ಲಿ ರೆಸಿಸ್ಟರಿನ ಹಂಗಿಲ್ಲದೆ ಮೋಟಾರಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಆಟೊಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇರುವ ಕಾರುಗಳಲ್ಲಿ ಈ ಕೆಲಸವನ್ನು ಟ್ರಾನ್ಸಿಸ್ಟರ್ ಇರುವ ಮಾಡ್ಯೂಲ್ ಮಾಡುತ್ತದೆ.

ಲಕ್ಷಣ ಓದುವುದು

ಮೊದಲು ಬೇಕಾದದ್ದು ಸಹನೆ; ಸ್ಪ್ಯಾನರ್ ಆಮೇಲೆ. ಇಗ್ನಿಷನ್ ಆನ್ ಮಾಡಿ, ನಾಬನ್ನು ಒಂದೊಂದೇ ಹೆಜ್ಜೆ ತಿರುಗಿಸಿ, ಯಾವ ಸ್ಪೀಡ್ ಇದೆ, ಯಾವುದು ಇಲ್ಲ ಎಂದು ಗುರುತಿಸಿಕೊಳ್ಳಬೇಕು. ಅರ್ಧ ರೋಗ ಇಲ್ಲೇ ತಿಳಿಯುತ್ತದೆ.

ನಾಲ್ಕನೆಯದು ಮಾತ್ರ ಇದ್ದು ಉಳಿದ ಮೂರೂ ಸತ್ತಿದ್ದರೆ ಬಹುಮಟ್ಟಿಗೆ ರೆಸಿಸ್ಟರ್ ಅಥವಾ ಅದರ ಮೇಲಿರುವ ಥರ್ಮಲ್ ಫ್ಯೂಸ್ ಹೋಗಿದೆ. ಕೆಳಗಿನ ಸ್ಪೀಡುಗಳೆಲ್ಲ ಇದ್ದು ನಾಲ್ಕನೆಯದು ಮಾತ್ರ ಇಲ್ಲದಿದ್ದರೆ ಸ್ವಿಚ್ಚಿನ ಆ ಕಾಂಟ್ಯಾಕ್ಟ್ ಅಥವಾ ಹೈ ಸ್ಪೀಡ್ ರಿಲೇ ನೋಡಬೇಕು. ಎರಡನೆಯದು ಮಾತ್ರ ಇಲ್ಲ, ಒಂದನೆಯದು ಇದೆ ಎಂದಾಗ ರೆಸಿಸ್ಟರನ್ನು ಬದಲಿಸಿ ಫಲವಿಲ್ಲ. ಸುರುಳಿಗಳು ಸಾಲಿನಲ್ಲಿರುವುದರಿಂದ ಎರಡನೆಯದಕ್ಕೆ ಬೇಕಾದ ಸುರುಳಿ ತುಂಡಾಗಿದ್ದರೆ ಒಂದನೆಯದೂ ಓಡುತ್ತಿರಲಿಲ್ಲ. ತಪ್ಪು ಸ್ವಿಚ್ಚಿನದು ಅಥವಾ ಆ ಒಂದು ವೈರಿನದು. ಆಟೊಮ್ಯಾಟಿಕ್ ಕಾರಿನಲ್ಲಿ ಫ್ಯಾನ್ ಆಫ್ ಮಾಡಿದರೂ ನಿಲ್ಲದೆ ಪೂರ್ತಿ ವೇಗದಲ್ಲಿ ತಿರುಗುತ್ತಿದ್ದರೆ ಮಾಡ್ಯೂಲ್ ಶಾರ್ಟ್ ಆಗಿರುವ ಶಂಕೆ ಬಲವಾದದ್ದು.

ಫ್ಯಾನಿನ ಸದ್ದು ಕೇಳುತ್ತಿದೆ, ಗಾಳಿ ಮಾತ್ರ ಸಣ್ಣಗಿದೆ ಎಂದರೆ ಕೇಬಿನ್ ಫಿಲ್ಟರ್ ತೆಗೆದು ನೋಡಬೇಕು. ಹೊರಟಾಗ ಚೆನ್ನಾಗಿದ್ದ ಗಾಳಿ ದಾರಿಯಲ್ಲಿ ಬರಬರುತ್ತ ಇಳಿದು, ಎ.ಸಿ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋಗುವುದಾದರೆ ಕೂಲಿಂಗ್ ಕಾಯಿಲಿಗೆ ಹಿಮ ಕಟ್ಟುತ್ತಿದೆ. ಅದು ಎ.ಸಿ. ಮೆಕ್ಯಾನಿಕ್ಕಿನ ಕೆಲಸ.

ಪರೀಕ್ಷೆ

ಯಾವ ಸ್ಪೀಡೂ ಇಲ್ಲದಿದ್ದರೆ ಫ್ಯೂಸಿನಿಂದ ಆರಂಭ. ಬ್ಲೋವರಿನದು ದೊಡ್ಡ ಫ್ಯೂಸ್, ಹೆಚ್ಚಾಗಿ 20ರಿಂದ 40 ಆಂಪಿಯರ್‌ನದು. ಫ್ಯೂಸ್ ಬಾಕ್ಸಿನ ಮುಚ್ಚಳದ ಚಿತ್ರದಲ್ಲಿ ಜಾಗ ತೋರಿಸಿರುತ್ತಾರೆ. ಹೊಸದು ಹಾಕಿದ ಕೂಡಲೇ ಮತ್ತೆ ಸುಟ್ಟರೆ ಮುಂದೆ ಶಾರ್ಟ್ ಇದೆ ಅಥವಾ ಮೋಟಾರ್ ಬಿಗಿದಿದೆ. ಹೆಚ್ಚು ಆಂಪಿಯರಿನ ಫ್ಯೂಸ್ ಹಾಕುವುದಾಗಲಿ, ತಂತಿ ಸುತ್ತುವುದಾಗಲಿ ಸರ್ವಥಾ ಕೂಡದು. ಆಮೇಲೆ ಸುಡುವುದು ಡ್ಯಾಶ್‌ಬೋರ್ಡಿನ ಒಳಗಿನ ವೈರಿಂಗ್. ರಿಲೇ ಪರೀಕ್ಷೆ ಸುಲಭ: ಅದೇ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಬಹುದು.

ಎರಡೂ ಸರಿಯಿದ್ದರೆ ಗ್ಲೌ ಬಾಕ್ಸ್ ಬಿಚ್ಚಬೇಕು. ಆ ಬದಿಯಲ್ಲೇ ಪ್ರಯಾಣಿಕನ ಏರ್‌ಬ್ಯಾಗ್ ಇರುತ್ತದೆ. ಅದರ ಹಳದಿ ಕಪ್ಲರುಗಳನ್ನು ಮುಟ್ಟಬಾರದು, ಮೀಟರಿನ ಕಡ್ಡಿಯನ್ನಂತೂ ತಾಗಿಸಲೇಬಾರದು. ಬ್ಲೋವರನ್ನು ಆನ್ ಇಟ್ಟು, ಕೈಯಿಂದ ಮೋಟಾರಿನ ಹೊರಗವಚವನ್ನು ಮೆಲ್ಲಗೆ ತಟ್ಟಿದಾಗ ಅದು ತಿರುಗತೊಡಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಎಂದೇ ತಿಳಿಯಬಹುದು. ಅಂಥ ಮೋಟಾರ್ ತಟ್ಟಿದಷ್ಟು ದಿನ ಓಡಿ, ಕೊನೆಗೊಂದು ದಿನ ನಿಂತೇಹೋಗುತ್ತದೆ.

ಮುಂದಿನದು ಮಲ್ಟಿಮೀಟರಿನ ಕೆಲಸ. ಹಲವರು ಎಡವುವುದು ಇಲ್ಲಿಯೇ. ಕಪ್ಲರ್ ಬಿಚ್ಚಿ ನೋಡಿದಾಗ 12 ವೋಲ್ಟ್ ಕಂಡಿತೆಂದು ಲೈನ್ ಸರಿಯಿದೆ ಎಂದುಕೊಳ್ಳುತ್ತಾರೆ. ಒಂದೇ ಎಳೆ ಉಳಿದ ವೈರ್, ತುಕ್ಕು ಹಿಡಿದ ಪಿನ್ ಕೂಡ ಹೊರೆಯಿಲ್ಲದಾಗ ಮೀಟರಿನಲ್ಲಿ 12 ವೋಲ್ಟನ್ನೇ ತೋರಿಸುತ್ತವೆ. ಮೋಟಾರ್ ಕರೆಂಟ್ ಎಳೆದಾಗ ಮಾತ್ರ ಬಂಡವಾಳ ಹೊರಬೀಳುತ್ತದೆ. ಆದ್ದರಿಂದ ಕಪ್ಲರ್ ಕೂಡಿಸಿಯೇ, ನಾಲ್ಕನೇ ಸ್ಪೀಡಿಗಿಟ್ಟು, ಹಿಂಬದಿಯಿಂದ ಮೋಟಾರಿನ ಎರಡು ಪಿನ್ನುಗಳ ನಡುವೆ ಅಳೆಯಬೇಕು. ಅಲ್ಲಿ ಸರಿಸುಮಾರು ಬ್ಯಾಟರಿಯಷ್ಟೇ ವೋಲ್ಟೇಜ್ ಇದ್ದೂ ಮೋಟಾರ್ ತಿರುಗದಿದ್ದರೆ ಮೋಟಾರೇ ಕೆಟ್ಟಿದೆ. ಪಿನ್ನುಗಳ ನಡುವೆ ಏನೂ ಇಲ್ಲ, ಆದರೆ ಮೀಟರಿನ ಒಂದು ಕಡ್ಡಿಯನ್ನು ಕಾರಿನ ಬಾಡಿಗೆ ಹಿಡಿದು ನೋಡಿದರೆ ಎರಡು ಪಿನ್ನಿನಲ್ಲೂ 12 ವೋಲ್ಟ್ ಇದೆ ಎಂದರೆ ಕರೆಂಟ್ ಮೋಟಾರನ್ನು ದಾಟಿ ಬಂದು ನಿಂತಿದೆ, ಅರ್ತಿನ ಕಡೆ ದಾರಿ ಕಡಿದಿದೆ. ಎಷ್ಟೋ ಕಾರುಗಳಲ್ಲಿ ರೆಸಿಸ್ಟರ್ ಮತ್ತು ಸ್ವಿಚ್ ಇರುವುದು ಆ ಕಡೆಯಲ್ಲೇ.

ಮೋಟಾರ್ ಎಳೆಯುವ ಕರೆಂಟನ್ನು ಮನೆಬಳಕೆಯ ಮಲ್ಟಿಮೀಟರಿನಲ್ಲಿ ಅಳೆಯಬಾರದು. ಅವುಗಳ ಮಿತಿ ಸಾಮಾನ್ಯವಾಗಿ 10 ಆಂಪಿಯರ್. ಪೂರ್ತಿ ವೇಗದಲ್ಲಿ ಬ್ಲೋವರ್ 15ರಿಂದ 25 ಆಂಪಿಯರ್‌ವರೆಗೂ ಎಳೆಯಬಲ್ಲದು. ಇದಕ್ಕೆ ಡಿ.ಸಿ. ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು.

ರೆಸಿಸ್ಟರ್ ಸುಡುವ ಕಾರಣ

ಬ್ಲೋವರ್ ರಿಪೇರಿಯಲ್ಲಿ ಅತಿ ಹೆಚ್ಚು ಉಪೇಕ್ಷೆಗೆ ಒಳಗಾಗುವ ವಿಷಯ ಇದು. ಉದಾಹರಣೆಗೆ, ಸಣ್ಣ ಸ್ಪೀಡಿನಲ್ಲಿ 1.2 ಓಮ್‌ನ ರೆಸಿಸ್ಟರಿನಲ್ಲಿ 6 ಆಂಪಿಯರ್ ಹರಿದರೆ ಅಲ್ಲಿ ಸುಮಾರು 43 ವಾಟ್ ಶಾಖ ಹುಟ್ಟುತ್ತದೆ. ಅದನ್ನು ಗಾಳಿಯ ದಾರಿಯಲ್ಲೇ ಕೂರಿಸಿರುವುದು ಬ್ಲೋವರಿನ ಗಾಳಿಯೇ ಅದನ್ನು ತಣಿಸಲಿ ಎಂದು. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ ಕಾವು ಏರುತ್ತದೆ. ಮೋಟಾರಿನ ಬುಷ್ ಒಣಗಿ ಬಿಗಿಯಾದರೆ ಕರೆಂಟ್ ಹೆಚ್ಚುತ್ತದೆ. ಕರೆಂಟ್ ಒಂದೂವರೆ ಪಟ್ಟಾದರೆ ಶಾಖ ಎರಡೂಕಾಲು ಪಟ್ಟಾಗುತ್ತದೆ.

ಸುಟ್ಟ ರೆಸಿಸ್ಟರನ್ನು ಮಾತ್ರ ಬದಲಿಸಿ ಕಳಿಸಿದ ಕಾರು ಅದೇ ದೂರಿನೊಂದಿಗೆ ಮತ್ತೆ ಗ್ಯಾರೇಜಿಗೆ ಬರುವುದು ಇದರಿಂದಲೇ. ರೆಸಿಸ್ಟರ್ ತೆಗೆದಾಗ ಕಪ್ಲರಿನ ಪಿನ್ನುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ, ಪಿನ್ನಿಗೆ ಮೊದಲಿನ ಹಿಡಿತವಿಲ್ಲದೆ ಸಡಿಲವಾಗಿದ್ದರೆ, ಹೊಸ ಕಪ್ಲರನ್ನು ವೈರಿನ ಸಮೇತ ಹಾಕಿಸಬೇಕು. ಇಗ್ನಿಷನ್ ಆಫ್ ಇದ್ದಾಗ ಫ್ಯಾನಿನ ಚಕ್ರವನ್ನು ಬೆರಳಿನಿಂದ ತಿರುಗಿಸಬೇಕು. ಹಗುರವಾಗಿ ಕೆಲವು ಸುತ್ತು ತಿರುಗಿದರೆ ಸರಿ. ತಡೆದರೆ, ಕಿರ್ರೆಂದರೆ ಮೋಟಾರಿನ ಆಯುಸ್ಸು ಮುಗಿಯುತ್ತ ಬಂದಿದೆ.

ಮೋಟಾರ್ ಅಥವಾ ರೆಸಿಸ್ಟರ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಬ್ಲೋವರ್ ತೆಗೆದು ಹಾಕಲು ಗ್ಯಾಸಿನ ಪೈಪುಗಳನ್ನು ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅಲ್ಲಿಗೇ ಕೈಬಿಟ್ಟು ತರಬೇತಾದವರನ್ನು ಕರೆಸಿ. ಅದರಲ್ಲಿ ಇರುವುದು ಜೀವ ತೆಗೆಯುವಷ್ಟು ವೋಲ್ಟೇಜ್.